ಅಪ್ಪ ಭಾಂಡೆ ತಿಕ್ಕಿದರೆ ಮಗ ನಗುತ್ತಾನೆ, ಟಿವಿ ಬಂದ್ ಮಾಡಲೇ?

ಪ್ರಶ್ನೆ: ನಾವು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವರು. ಮನೆಯಲ್ಲೇ ನಾಲ್ಕು ಪವರ್‌ಲೂಮ್ ಇವೆ. ಯಜಮಾನರು ಮಗ್ಗ ನೋಡಿಕೊಳ್ಳುತ್ತಾರೆ. ನಾನು ಮನೆಗೆಲಸ ಮುಗಿಸಿ ಕಂಡಿಕೆ (ಮಗ್ಗಕ್ಕೆ ಹಾಕುವ ನೂಲಿನ ಸುರುಳಿ) ಸುತ್ತುತ್ತೇನೆ, ಲೆಕ್ಕ ಬರೆಯುತ್ತೇನೆ. ಮಗಳಿಗೆ 7 ವರ್ಷ, ಮಗನಿಗೆ 5. ಎರಡು ತಿಂಗಳಿಂದ ಮಗಳು ಸಂಜೆ ಹೊರಗೆ ಆಡಲು ಹೋಗುತ್ತಿಲ್ಲ. ‘ಬಿಸಲಾಗ ಕರ್ರಗ ಆಗ್ತೀನಿ’ ಅನ್ನುತ್ತಾಳೆ. ನನ್ನ ಕ್ರೀಮನ್ನು ಕದ್ದು ಹಚ್ಚಿಕೊಳ್ಳುತ್ತಾಳೆ. ಶಾಲೆಯ ಗ್ಯಾದರಿಂಗ್ ಡಾನ್ಸಿನಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು, ಅವತ್ತು ಸ್ವಲ್ಪ ಅತ್ತಿದ್ದಳು, ಆಮೇಲೆ ಮರೆತಳು. ಮಗನದು ಬೇರೆ ಕಥೆ. ಅಕ್ಕನ ಗುಲಾಬಿ ಬಣ್ಣದ ನೀರಿನ ಬಾಟಲಿ ಕೊಟ್ಟು ಕಳಿಸಿದರೆ ‘ಅದು ಹುಡಿಗ್ಯಾರದು’ ಎಂದು ಒಂದು ಗುಟುಕೂ ಕುಡಿಯದೆ ವಾಪಸ್ ತರುತ್ತಾನೆ. ಮೊನ್ನೆ ನನಗೆ ಜ್ವರ ಬಂದಾಗ ಯಜಮಾನರು ಭಾಂಡೆ ತಿಕ್ಕುತ್ತಿದ್ದರು. ಇವನು ಬಾಗಿಲಲ್ಲಿ ನಿಂತು ‘ಅಪ್ಪಾ, ನೀ ಹೆಣ್ಮಗಳೇನು?’ ಎಂದು ನಕ್ಕ. ಅತ್ತೆಯವರೂ ನಕ್ಕರು. ಯಜಮಾನರು ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಇದೆಲ್ಲ ಟಿವಿ, ಮೊಬೈಲಿನ ಜಾಹೀರಾತಿನಿಂದ ಎಂದು ನನಗನ್ನಿಸುತ್ತದೆ. ಯಜಮಾನರು ‘ಜಾಹೀರಾತು ಅಷ್ಟ, ಸಣ್ಣ ಹುಡುಗರು, ಮರೀತಾವ’ ಅನ್ನುತ್ತಾರೆ. ಅತ್ತೆಯವರು ‘ಗಂಡು ಹುಡುಗರು ಅಂದ್ರ ಹಂಗ ಇರೂದು’ ಅನ್ನುತ್ತಾರೆ. ಕೇಬಲ್ ತೆಗೆಸಿಬಿಡಲೇ? ಮಗನಿಗೆ ಮನೆಗೆಲಸ ಕಲಿಸಿದರೆ ಓಣಿಯಲ್ಲಿ, ಶಾಲೆಯಲ್ಲಿ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಯೂ ಇದೆ. ಆ ಬಾಟಲಿಯನ್ನು ಜಬರ್ದಸ್ತಿಯಿಂದ ಕೊಡಲೇ, ಬಿಡಲೇ?

ಉತ್ತರ: ವಿಜಯಪುರದಲ್ಲಿ ಕೂತು 18 ವರ್ಷದಿಂದ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುತ್ತಿದ್ದೇನೆ. ಮಗಳು ಕ್ರೀಮ್ ಹಚ್ಚಿಕೊಳ್ಳುತ್ತಾಳೆ ಎಂದು ಕರೆದುಕೊಂಡು ಬರುವ ತಾಯಂದಿರು ಇದ್ದಾರೆ. ಮಗ ಗುಲಾಬಿ ಬಾಟಲಿ ಮುಟ್ಟುವುದಿಲ್ಲ ಎಂದು ಬಂದವರು ತೀರಾ ಕಡಿಮೆ. ಅದಕ್ಕೆ ನಮ್ಮ ಕಡೆ ನಕ್ಕು ಸುಮ್ಮನಾಗುತ್ತಾರೆ. ನೀವು ಎರಡನ್ನೂ ಒಂದೇ ಪತ್ರದಲ್ಲಿ ಬರೆದಿದ್ದೀರಿ. ಅದು ಸರಿಯಾಗಿದೆ, ಯಾಕೆಂದರೆ ಎರಡೂ ಒಂದೇ ಬೇರಿನವು.

ನಿಮ್ಮ ಹೆದರಿಕೆ ನನಗೆ ಅರ್ಥವಾದದ್ದು ಹೀಗೆ: ಹೆಣ್ಣು ಹೀಗಿರಬೇಕು, ಗಂಡು ಹೀಗಿರಬೇಕು ಎಂದು ಪರದೆ ಹೇಳಿಕೊಡುತ್ತಿದೆ, ಮಕ್ಕಳು ಅದನ್ನೇ ನಂಬುತ್ತಿದ್ದಾರೆ, ತಡ ಮಾಡಿದರೆ ಕೈ ಮೀರುತ್ತದೆ. ಇದರಲ್ಲಿ ಅರ್ಧ ನಿಜ ಇದೆ. ಇನ್ನರ್ಧ ನಿಮ್ಮ ಮನೆಯ ಹಿತ್ತಲಲ್ಲಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಯಜಮಾನರ ಮಾತು. ‘ಜಾಹೀರಾತು ಅಷ್ಟ’ ಎಂದು ದೊಡ್ಡವರು ಅನ್ನಬಹುದು, ಐದು ವರ್ಷದ ಮಗುವಿಗೆ ಅದು ಆಗುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ಧಾರಾವಾಹಿ ನಿಂತು ಜಾಹೀರಾತು ಶುರುವಾಯಿತು ಎಂಬುದು ಗೊತ್ತಾಗುತ್ತದೆ. ಆದರೆ ಯಾರೋ ದುಡ್ಡು ಕೊಟ್ಟು ಇದನ್ನು ತೋರಿಸುತ್ತಿದ್ದಾರೆ, ನಮಗೆ ಮಾರಲು ತೋರಿಸುತ್ತಿದ್ದಾರೆ ಎಂಬುದು ಗೊತ್ತಾಗುವುದು ಸುಮಾರು 8ರ ಹೊತ್ತಿಗೆ. 2004ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರ ಸಂಘ ಇದೇ ಕಾರಣ ಕೊಟ್ಟು, 8 ವರ್ಷದೊಳಗಿನ ಮಕ್ಕಳಿಗೆಂದೇ ಮಾಡುವ ಜಾಹೀರಾತುಗಳಿಗೆ ಕಡಿವಾಣ ಬೇಕು ಎಂದಿತ್ತು. ಬಿಳಿ ಕೋಟು ಹಾಕಿಕೊಂಡ ಅಂಕಲ್ ಪರದೆಯಲ್ಲಿ ಹೇಳಿದ್ದೂ, ಶಾಲೆಯಲ್ಲಿ ಟೀಚರ್ ಹೇಳಿದ್ದೂ ನಿಮ್ಮ ಮಗನಿಗೆ ಒಂದೇ ತೂಕ. ಮಗಳು ಈಗ ಹೊಸ್ತಿಲ ಮೇಲೆ ಇದ್ದಾಳೆ.

ಮರೆಯುತ್ತಾರೆ ಎಂಬುದೂ ಪೂರ್ತಿ ಸರಿಯಲ್ಲ. ಯಾವ ಸೋಪಿನ ಜಾಹೀರಾತು ಎಂಬುದು ಮರೆತುಹೋಗುತ್ತದೆ. ಕೆಸರಲ್ಲಿ ಬಿದ್ದು ಬಂದವನು ಹುಡುಗ, ಬಟ್ಟೆ ಒಗೆದವಳು ಅಮ್ಮ ಎಂಬುದು ಉಳಿಯುತ್ತದೆ.

ಈಗ ಬಾಗಿಲಲ್ಲಿ ನಿಂತು ನಕ್ಕ ಮಗನ ವಿಷಯ. ‘ಅಪ್ಪಾ, ನೀ ಹೆಣ್ಮಗಳೇನು?’ ಎಂಬುದನ್ನು ನೀವೆಲ್ಲ ಕುಚೋದ್ಯ ಅಂದುಕೊಂಡಿರಿ. ನನಗೆ ಅದರಲ್ಲಿ ನಿಜವಾದ ಪ್ರಶ್ನೆಯೂ ಕಾಣುತ್ತದೆ. ಎರಡೂವರೆ, ಮೂರು ವರ್ಷಕ್ಕೆಲ್ಲ ಮಗು ತಾನು ಹುಡುಗನೋ ಹುಡುಗಿಯೋ ಎಂದು ಹೇಳುತ್ತದೆ. ಆದರೆ ಅದು ಬದಲಾಗದ ಸಂಗತಿ ಎಂಬುದು ಗಟ್ಟಿಯಾಗಲು ಆರೇಳು ವರ್ಷ ಬೇಕು. 1966ರಲ್ಲೇ ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನಃಶಾಸ್ತ್ರಜ್ಞ ಇದನ್ನು ಬರೆದಿದ್ದಾರೆ. ಫ್ರಾಕ್ ಹಾಕಿದರೆ ಹುಡುಗ ಹುಡುಗಿ ಆಗಿಬಿಡುತ್ತಾನಾ ಎಂದು ನಾಲ್ಕು ವರ್ಷದ ಮಗುವನ್ನು ಕೇಳಿ ನೋಡಿ. ‘ಹೂಂ’ ಎನ್ನುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಅದಕ್ಕೇ ಈ ವಯಸ್ಸಿನಲ್ಲಿ ಮಕ್ಕಳು ನಿಯಮಗಳಿಗೆ ಜೋತು ಬೀಳುತ್ತಾರೆ. ಗುಲಾಬಿ ಬಾಟಲಿ ಹಿಡಿದರೆ ತನಗೇನೋ ಆಗಿಬಿಡುತ್ತದೆ ಎಂಬ ಸಣ್ಣ ಅಂಜಿಕೆ ನಿಮ್ಮ ಮಗನ ಒಳಗಿದೆ. ಇಷ್ಟು ಬಿಗಿ ಕಾಯಂ ಅಲ್ಲ. ಐದಾರು ವರ್ಷಕ್ಕೆ ಎಲ್ಲಕ್ಕಿಂತ ಜಾಸ್ತಿ ಇದ್ದು, ಆಮೇಲೆ ಎಷ್ಟೋ ಮಕ್ಕಳಲ್ಲಿ ತಾನಾಗಿ ಸಡಿಲವಾಗುತ್ತದೆ. ಸಡಿಲವಾಗುವುದೋ ಗಂಟು ಬೀಳುವುದೋ ಎಂಬುದರಲ್ಲಿ ಸುತ್ತಲಿನವರ ಪಾಲು ದೊಡ್ಡದು.

ಅವತ್ತು ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು ನೋಡಿ. ಅಜ್ಜಿ ನಕ್ಕರು, ಅಪ್ಪ ಅರ್ಧಕ್ಕೇ ಎದ್ದು ಹೋದರು. ಇದು ಗಂಡಸರ ಕೆಲಸ ಅಲ್ಲ ಎಂದು ಬಾಯಿ ಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ನಿಮ್ಮ ಯಜಮಾನರನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಹೆಂಡತಿಗೆ ಜ್ವರ ಬಂದಾಗ ಭಾಂಡೆಯ ಮುಂದೆ ಕೂತ ಮನುಷ್ಯ ಅವರು. ಐದು ವರ್ಷದ ಮಗನ ನಗು ಅವರಿಗೆ ನಾಟಿತು ಅಂದರೆ, ಇದೇ ಅಂಜಿಕೆ ಅವರೊಳಗೂ ಮೊದಲಿಂದ ಇದೆ ಅಂತ ಅರ್ಥ. ‘ಇಲ್ಲಪಾ, ನಾ ಅಪ್ಪನ. ಊಟ ಮಾಡಿದ ತಾಟು ತೊಳೀಬೇಕಲ್ಲ, ತೊಳ್ಯಾಕತ್ತೀನಿ’ ಎಂದು ಹೇಳಿ ಕೆಲಸ ಮುಂದುವರಿಸಿದ್ದರೆ ಸಾಕಿತ್ತು. ಪರವಾಗಿಲ್ಲ, ಅವಕಾಶ ದಿನಕ್ಕೆ ಮೂರು ಹೊತ್ತು ಬರುತ್ತದೆ.

ಮಕ್ಕಳು ನಮ್ಮ ಉಪದೇಶ ಕೇಳುವುದು ಕಡಿಮೆ. ಆದರೆ ಎಣಿಸುತ್ತಾರೆ. ಯಾರು ಎಷ್ಟು ಸಲ ಏನು ಮಾಡಿದರು ಎಂಬ ಲೆಕ್ಕ ಅವರ ತಲೆಯಲ್ಲಿ ನಡೆದೇ ಇರುತ್ತದೆ. ನನ್ನ ಕೋಣೆಯಲ್ಲಿ ಇದಕ್ಕೊಂದು ಆಟ ಇದೆ. ಎರಡು ಸ್ಟೀಲ್ ಬಟ್ಟಲು, ಒಂದು ಹಿಡಿ ತೊಗರಿ ಕಾಳು. ಒಂದು ಬಟ್ಟಲು ಹೆಂಗಸರದು, ಒಂದು ಗಂಡಸರದು. ಜಾಹೀರಾತುಗಳನ್ನು ಧ್ವನಿ ಬಂದ್ ಮಾಡಿ ಹಾಕುತ್ತೇನೆ. ಮನೆಗೆಲಸ ಮಾಡುವವರು ಕಂಡಾಗೆಲ್ಲ ಅವರ ಬಟ್ಟಲಿಗೆ ಒಂದು ಕಾಳು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಟಣ್ ಟಣ್ ಎಂದು ತುಂಬುತ್ತದೆ, ಇನ್ನೊಂದರ ತಳ ಹೊಳೆಯುತ್ತಿರುತ್ತದೆ. ಆಮೇಲೆ ಧ್ವನಿ ಹಚ್ಚಿ ಅದೇ ಜಾಹೀರಾತುಗಳನ್ನು ಮತ್ತೆ ನೋಡುವುದು. ಈ ಸಲ, ತಿಳಿಸಿ ಹೇಳುವವರು ಯಾರೋ ಅವರಿಗೆ ಕಾಳು. ಕಲೆ ಹೇಗೆ ಹೋಗುತ್ತದೆ, ಯಾವ ಎಣ್ಣೆ ಹೃದಯಕ್ಕೆ ಒಳ್ಳೆಯದು ಎಂದು ಹೇಳುವ ಗಡಸು ದನಿ, ಬಿಳಿ ಕೋಟು. ಆಗ ಕಾಳೆಲ್ಲ ಆ ಕಡೆ ಬೀಳಲು ಶುರುವಾಗುತ್ತದೆ. ಸಿಂದಗಿ ಕಡೆಯ ಒಬ್ಬ ಎಂಟು ವರ್ಷದ ಹುಡುಗ ಮೊದಲ ಸುತ್ತು ಮುಗಿದ ಮೇಲೆ ನನ್ನ ಮುಖ ನೋಡಿ ‘ಮೇಡಂ, ಇವರ ಮನ್ಯಾಗಿನ ಗಂಡಸರು ಎಲ್ಲಿ ಹೋಗ್ಯಾರ?’ ಎಂದು ಕೇಳಿದ್ದ. ಪಕ್ಕದಲ್ಲಿ ಕೂತಿದ್ದ ಅವರಪ್ಪ ಮೊಬೈಲ್ ಜೇಬಿಗಿಟ್ಟರು.

ದೊಡ್ಡ ಲೆಕ್ಕವೂ ಇದನ್ನೇ ಹೇಳುತ್ತದೆ. ಯುನಿಸೆಫ್ ಮತ್ತು ಪರದೆಯ ಮೇಲೆ ಗಂಡು-ಹೆಣ್ಣನ್ನು ಹೇಗೆ ತೋರಿಸುತ್ತಾರೆ ಎಂದು ಅಧ್ಯಯನ ಮಾಡುವ ಅಮೆರಿಕದ ಜೀನಾ ಡೇವಿಸ್ ಸಂಸ್ಥೆ ಸೇರಿ ಭಾರತದಲ್ಲಿ 2019ರಲ್ಲಿ ಬಂದ ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟವು. ಜಾಹೀರಾತಿನಲ್ಲಿ ಹೆಂಗಸರೇ ಕಾಣುವುದಿಲ್ಲ ಅಂದುಕೊಂಡರೆ ತಪ್ಪು. ನಮ್ಮಲ್ಲಿ ಪರದೆಯ ಮೇಲೆ ಗಂಡಸರಿಗಿಂತ ಹೆಂಗಸರು ಇರುವ ಹೊತ್ತು ಜಾಸ್ತಿ, ಮಾತೂ ಜಾಸ್ತಿ. ಪ್ರಶ್ನೆ ಇರುವುದು ಏನು ಮಾಡುತ್ತಾ ಕಾಣುತ್ತಾರೆ ಎಂಬಲ್ಲಿ. ಅಡುಗೆ, ಸ್ವಚ್ಛತೆ, ಸಂತೆ-ಅಂಗಡಿ, ಮಕ್ಕಳ ಆರೈಕೆ ಇವೆಲ್ಲ ಹೆಂಗಸರ ಪಾಲಿಗೇ ಜಾಸ್ತಿ. ಇನ್ನೊಂದು ಅಂಶ ನಿಮ್ಮ ಮಗಳಿಗೆ ಸಂಬಂಧಿಸಿದ್ದು. ಆ ಜಾಹೀರಾತುಗಳ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು ತಿಳಿ ಬಣ್ಣದವರು. ಗಂಡಸರಲ್ಲಿ ಅಂಥವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗಂಡಿಗೆ ಬಣ್ಣದ ವಿಷಯದಲ್ಲಿ ರಿಯಾಯಿತಿ ಇದೆ, ಹೆಣ್ಣಿಗೆ ಇಲ್ಲ. ಏಳು ವರ್ಷದ ಹುಡುಗಿ ಈ ಲೆಕ್ಕವನ್ನು ಯಾವ ವರದಿಯೂ ಇಲ್ಲದೆ ಮಾಡಿ ಮುಗಿಸಿದ್ದಾಳೆ.

ಹಾಗಾದರೆ ಜಾಹೀರಾತು ಸುಳ್ಳು ಹೇಳುತ್ತಿದೆಯಾ? ಯಾರು ಕೆಲಸ ಮಾಡುತ್ತಾರೆ ಎಂಬುದರಲ್ಲಿ ಪಾಪ, ಅದು ಸುಳ್ಳು ಹೇಳುತ್ತಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವುದು 289 ನಿಮಿಷ. ಅದೇ ಕೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುವುದು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಜಾಹೀರಾತಿನ ಸುಳ್ಳು ಬೇರೆ ಇದೆ. ಅಲ್ಲಿನ ಅಮ್ಮನಿಗೆ ಸೊಂಟ ನೋಯುವುದಿಲ್ಲ. ಕೆಸರಾದ ಯೂನಿಫಾರ್ಮ್ ನೋಡಿ ಅವಳಿಗೆ ಪ್ರೀತಿ ಉಕ್ಕುತ್ತದೆ. ಬಕೆಟ್ ತುಂಬ ಬಟ್ಟೆ ಒಂದೇ ಸಲ ಅದ್ದಿ ತೆಗೆದರೆ ಮುಗಿಯಿತು. ದುಡಿಮೆಯನ್ನು ತೋರಿಸಿಯೂ ಅದು ದುಡಿಮೆ ಅಲ್ಲ ಎನ್ನಿಸಿಬಿಡುವುದು, ಇದು ಅದರ ಚಮತ್ಕಾರ.

ಹಿತ್ತಲಿನ ಮಾತು ಅಂದೆನಲ್ಲ, ಅದು ಇದೇ. ನೇಕಾರರ ಮನೆಯ ಮಕ್ಕಳು ಬಂದಾಗ ನಾನು ಕೇಳುತ್ತೇನೆ: ಮನ್ಯಾಗ ಕೆಲಸ ಯಾರು ಮಾಡ್ತಾರ? ‘ಅಪ್ಪ’ ಎಂಬ ಉತ್ತರವೇ ಮೊದಲು ಬರುವುದು. ಅವ್ವ ಏನು ಮಾಡ್ತಾಳ ಎಂದರೆ ‘ಮನ್ಯಾಗ ಇರ್ತಾಳ’. ಕಂಡಿಕೆ ಸುತ್ತದೆ ಮಗ್ಗ ಒಂದು ಗಂಟೆಯೂ ನಡೆಯುವುದಿಲ್ಲ ಎಂದು ಆ ಮಗುವಿಗೆ ಯಾರೂ ಹೇಳಿಲ್ಲ. ನಿಮ್ಮ ಪತ್ರದಲ್ಲಿ ನೀವೇ ‘ಯಜಮಾನರು ಮಗ್ಗ ನೋಡಿಕೊಳ್ಳುತ್ತಾರೆ, ನಾನು ಮನೆಗೆಲಸ ಮುಗಿಸಿ ಕಂಡಿಕೆ ಸುತ್ತುತ್ತೇನೆ’ ಎಂದು ಬರೆದಿದ್ದೀರಿ. ಲೆಕ್ಕ ಬರೆಯುವುದು ಕೊನೆಗೆ ಬಂತು. ನೀವು ಬರೆದ ಲೆಕ್ಕದ ಮೇಲೆಯೇ ವ್ಯಾಪಾರ ನಡೆಯುತ್ತಿದೆ, ಅಲ್ವಾ? ಒಂದು ದಿನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕದ ಪುಸ್ತಕ ತೋರಿಸಿ. ಎಷ್ಟು ಸೀರೆ, ಎಷ್ಟು ನೂಲು, ಯಾರಿಂದ ಎಷ್ಟು ಬರಬೇಕು. ಪರದೆಯಲ್ಲಿ ಕಂಡದ್ದಕ್ಕೆ ಮನೆಯಲ್ಲಿ ಕಂಡದ್ದು ತಾಳೆಯಾದಾಗ ಅದು ಮಗುವಿನಲ್ಲಿ ಗಟ್ಟಿಯಾಗುತ್ತದೆ. ತಾಳೆಯಾಗದಿದ್ದರೆ ಮಗು ಪ್ರಶ್ನೆ ಕೇಳುತ್ತದೆ. ನಮಗೆ ಬೇಕಾದದ್ದು ಆ ಪ್ರಶ್ನೆ.

ಅತ್ತೆಯವರ ಮಾತಿಗೆ ಬರೋಣ. ಗಂಡು ಹುಡುಗರು, ಹೆಣ್ಣು ಹುಡುಗಿಯರ ಆಟದಲ್ಲಿ ಸರಾಸರಿ ಲೆಕ್ಕದಲ್ಲಿ ವ್ಯತ್ಯಾಸ ಕಾಣುವುದು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಾಟಲಿಯ ಬಣ್ಣಕ್ಕೆ ರಕ್ತದಲ್ಲಿ ಯಾವ ಕಟ್ಟಳೆಯೂ ಇಲ್ಲ. ಒಂದು ವರ್ಷದ ಮಕ್ಕಳ ಮುಂದೆ ಗುಲಾಬಿ ಮತ್ತು ಬೇರೆ ಬಣ್ಣದ ವಸ್ತು ಇಟ್ಟರೆ ಗಂಡು, ಹೆಣ್ಣು ಎಂಬ ಭೇದ ಕಾಣುವುದಿಲ್ಲ. ಎರಡರಿಂದ ಎರಡೂವರೆ ವರ್ಷದ ಹೊತ್ತಿಗೆ ಹುಡುಗಿಯರು ಗುಲಾಬಿಗೆ ಕೈ ಚಾಚುತ್ತಾರೆ, ಹುಡುಗರು ಬರಬರುತ್ತ ಅದನ್ನು ಬಿಡುತ್ತಾರೆ. ಇದು 2011ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ. ಅಂದರೆ ನಾನು ಯಾರು ಎಂಬುದು ತಿಳಿಯುವ ಹೊತ್ತಿಗೇ ಬಣ್ಣದ ಭೇದವೂ ಬರುತ್ತದೆ. ಅದೇ ಅಮೆರಿಕದಲ್ಲಿ 1918ರ ಒಂದು ಬಟ್ಟೆ ವ್ಯಾಪಾರದ ಪತ್ರಿಕೆ, ಗುಲಾಬಿ ಗಾಢ ಬಣ್ಣ, ಅದು ಹುಡುಗರಿಗೆ, ತಿಳಿ ನೀಲಿ ಹುಡುಗಿಯರಿಗೆ ಎಂದು ಬರೆದಿತ್ತು. ಅಷ್ಟು ದೂರ ಯಾಕೆ? ನಮ್ಮ ಕಡೆಯ ಮದುವೆ ಫೋಟೋ ತೆಗೆದು ನೋಡಿ. ಹಿರಿಯರ ತಲೆ ಮೇಲೆ ಇರುವುದು ಗುಲಾಬಿ ಪಟಗಾ. ಮೀಸೆ ತಿರುವಿಕೊಂಡು ಗುಲಾಬಿ ಪಟಗಾ ಸುತ್ತಿಕೊಂಡ ಅಜ್ಜನಿಗೆ ಯಾರಾದರೂ ‘ಹೆಣ್ಮಗಳೇನು’ ಎಂದು ಕೇಳಿದ್ದುಂಟೇ? ಅತ್ತೆಯವರ ಹತ್ತಿರ ನಿಮ್ಮ ಮಾವನವರದ್ದೋ ಅವರ ಅಪ್ಪನದ್ದೋ ಅಂಥ ಫೋಟೋ ಇದ್ದರೆ ಅವರೇ ಮೊಮ್ಮಗನಿಗೆ ತೋರಿಸಲಿ. ನಿಮ್ಮ ಮಾತಿಗಿಂತ ಅಜ್ಜಿಯ ಮಾತಿಗೆ ಅವನಲ್ಲಿ ಬೆಲೆ ಜಾಸ್ತಿ. ಅತ್ತೆಯವರಿಗೂ ಸೋತ ಹಾಗೆ ಆಗುವುದಿಲ್ಲ.

ಇನ್ನು, ಅಡುಗೆ ಸೆಟ್ಟು, ಗೊಂಬೆ ಆಡಿದರೆ ಹುಡುಗ ‘ಹೆಣ್ಣಿಗ’ ಆಗುತ್ತಾನೆ ಎಂಬ ಮಾತು. ನೀವು ಬರೆದಿಲ್ಲ, ಆದರೆ ಆಡಿಕೊಳ್ಳುತ್ತಾರೆ ಎಂಬ ಹೆದರಿಕೆಯ ತಳದಲ್ಲಿ ಇದೇ ಇರುತ್ತದೆ. ಆಟಿಕೆಯಿಂದ ಯಾರ ಲಿಂಗವೂ ಬದಲಾಗುವುದಿಲ್ಲ, ಮುಂದೆ ಯಾರನ್ನು ಇಷ್ಟಪಡುತ್ತಾನೆ ಎಂಬುದೂ ಬದಲಾಗುವುದಿಲ್ಲ. ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆಗೆ ಸಟ್ಟುಗ ಇಳಿಸಿ ಗೋಧಿ ಹುಗ್ಗಿ ತಿರುವುವವರೆಲ್ಲ ಗಂಡಸರೇ. ಊರ ಮುಂದೆ ಮಾಡಿದರೆ ಗಂಡಸುತನ, ಮನೆಯ ಒಲೆ ಮುಂದೆ ಮಾಡಿದರೆ ನಾಚಿಕೆ. ಇದರ ತರ್ಕ ನನಗೆ ಇವತ್ತಿಗೂ ಹೊಳೆದಿಲ್ಲ.

ಈಗ ಮಗಳು. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೆ ಹಚ್ಚಿದ್ದು ಬಾಟಲಿ ಅಲ್ಲ. ‘ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದರು, ಸ್ವಲ್ಪ ಅತ್ತಿದ್ದಳು, ಆಮೇಲೆ ಮರೆತಳು’ ಎಂದು ಒಂದೇ ಸಾಲಿನಲ್ಲಿ ದಾಟಿಸಿದಿರಲ್ಲ, ಅದು. ಅವಳು ಮರೆತಿಲ್ಲ. ಹೊರಗೆ ಆಡುವುದನ್ನು ನಿಲ್ಲಿಸಿದ್ದು ಗ್ಯಾದರಿಂಗಿನ ಆಮೇಲೆಯೋ ಮೊದಲೋ ಒಮ್ಮೆ ನೆನಪು ಮಾಡಿಕೊಳ್ಳಿ. ಬೆಳ್ಳಗಿನ ಹುಡುಗಿಯರನ್ನು ಮುಂದೆ, ಉಳಿದವರನ್ನು ಹಿಂದೆ ನಿಲ್ಲಿಸುವುದು ನಮ್ಮ ಎಷ್ಟೋ ಶಾಲೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಪದ್ಧತಿ. ‘ಎತ್ತರ ನೋಡಿ ನಿಲ್ಲಿಸಿದ್ವಿ’ ಅನ್ನುತ್ತಾರೆ. ಇರಬಹುದು. ಆದರೆ ಮಗಳು ಅದನ್ನು ಹೇಗೆ ಓದಿಕೊಂಡಳು ಎಂಬುದು ಮುಖ್ಯ. ಬೆಳ್ಳಗಾದವಳು ವೇದಿಕೆಗೆ ಬರುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ ಎಂಬುದನ್ನು ಅವಳು ಎಷ್ಟೋ ಸಲ ಪರದೆಯಲ್ಲಿ ನೋಡಿದ್ದಳು. ಶಾಲೆಯ ವೇದಿಕೆಯಲ್ಲಿ ಅದೇ ಕಣ್ಣಿಗೆ ಬಿತ್ತು.

ಬಿಳಿ ಆಗಿಸುವ ಕ್ರೀಮುಗಳ ಪೈಕಿ ನಮ್ಮಲ್ಲಿ ಮನೆಮಾತಾದ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ‘ಫೇರ್’ ಎಂಬ ಪದ ಬಿಟ್ಟು ‘ಗ್ಲೋ’ ಎಂದು ಹೆಸರು ಬದಲಿಸಿದರು. ಕಪ್ಪಗಿರುವವರು ದುಃಖದಲ್ಲಿದ್ದಾರೆ, ಅವರಿಗೆ ನೌಕರಿ ಸಿಗುವುದಿಲ್ಲ, ಮದುವೆ ಆಗುವುದಿಲ್ಲ ಎಂದು ತೋರಿಸಬಾರದು ಎಂದು ಜಾಹೀರಾತು ಮಾನದಂಡ ಮಂಡಳಿ 2014ರಲ್ಲೇ ಹೇಳಿದೆ. ಅದಾದ ಮೇಲೆ ಮಾತು ಬದಲಾಯಿತು. ಬಿಳುಪು ಹೋಗಿ ಹೊಳಪು ಬಂತು. ಚಿತ್ರ ಮಾತ್ರ ಅಷ್ಟೇನೂ ಬದಲಾಗಲಿಲ್ಲ. ಮಗು ಓದುವುದು ಚಿತ್ರವನ್ನು.

ಮಗಳಿಗೆ ಚರ್ಮದ ವಿಷಯ ನೇರವಾಗಿ ಹೇಳಿ. ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣ ಇದೆ. ನಮ್ಮ ಕಡೆಯ ಬಿಸಿಲಿಗೆ ಅದು ಕೊಡೆ ಹಿಡಿದ ಹಾಗೆ. ಆಟ ಆಡಿ ಬಂದಾಗ ಮುಖ ಸ್ವಲ್ಪ ಕಂದುವುದು ಆ ಕೊಡೆ ಬಿಚ್ಚಿಕೊಂಡದ್ದು, ಮತ್ತೆ ಮಡಚಿಕೊಳ್ಳುತ್ತದೆ. ಹುಟ್ಟಿನಿಂದ ಬಂದ ಬಣ್ಣವನ್ನು ಯಾವ ಕ್ರೀಮೂ ಕಾಯಮ್ಮಾಗಿ ಬದಲಿಸುವುದಿಲ್ಲ. ಸಮಾಧಾನಕ್ಕೆಂದು ‘ನೀ ಎಲ್ಲಿ ಕರ್ರಗ ಅದೀ, ಬೆಳ್ಳಗ ಅದೀ ಬಿಡು’ ಎಂದು ಮಾತ್ರ ಹೇಳಬೇಡಿ. ಕಪ್ಪು ಎಂದರೆ ಕೆಟ್ಟದ್ದು ಎಂದು ನೀವೇ ಒಪ್ಪಿಕೊಂಡಂತೆ ಆಗುತ್ತದೆ. ‘ಹೌದು, ನಿನ್ನ ಬಣ್ಣ ಇದು, ನನಗೆ ಚೆಂದ ಕಾಣುತ್ತದೆ’ ಎಂದರೆ ಮುಗಿಯಿತು.

ಒಂದು ಮಾತು ಹೇಳಲು ನನಗೂ ಮುಜುಗರ. ಅವಳು ಕದ್ದದ್ದು ನಿಮ್ಮ ಕ್ರೀಮು. ನೀವು ಹಚ್ಚಬೇಡಿ ಎನ್ನಲು ನಾನ್ಯಾರು? ಆದರೆ ಟ್ಯೂಬ್ ತಿರುಗಿಸಿ ಏನಿದೆ ಎಂದು ಈಗಲೇ ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಇಂಥವು ಡಾಕ್ಟರ ಚೀಟಿ ಇಲ್ಲದೆ ಬಿಕರಿಯಾಗಿ ಮನೆಗೆ ಬರುತ್ತವೆ. ಮೊದಲು ಮುಖ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಕೆಂಪಾಗುವುದು, ಮೊಡವೆ, ಮುಖದ ಮೇಲೆ ಕೂದಲು, ಬಿಟ್ಟರೆ ಉರಿ. ಮಕ್ಕಳ ಚರ್ಮ ಇದನ್ನು ಇನ್ನೂ ಬೇಗ ಹೀರುತ್ತದೆ. ಕಂಪನಿ ವಿಳಾಸವೇ ಇಲ್ಲದ ಡಬ್ಬಿಯ ಕ್ರೀಮಾದರೆ ಪಾದರಸದ ಅಪಾಯವೂ ಇದೆ, ಅದು ಕಿಡ್ನಿಗೆ ಕೆಟ್ಟದ್ದು. ಅಂಥದ್ದು ಇದ್ದರೆ ಅವಳ ಕೈಗೆ ಸಿಗದಂತೆ ಇಡಿ. ಅವಳ ಮುಖದಲ್ಲಿ ಬದಲಾವಣೆ ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ.

ಅವಳನ್ನು ಹೊರಗೆ ಕಳಿಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತುರ್ತು. ಒಬ್ಬಳನ್ನೇ ತಳ್ಳಬೇಡಿ, ಮೊದಮೊದಲು ನೀವೂ ಹೋಗಿ. ವಿಜಯಪುರದ ರಾಜೇಶ್ವರಿ ಗಾಯಕವಾಡ ಗೊತ್ತಲ್ಲ? 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತವರು. ಅವತ್ತು ಗೆದ್ದು ಭಾರತ ಸೆಮಿಫೈನಲ್‌ಗೆ ಹೋಯಿತು. ಅವರ ಬೌಲಿಂಗ್ ವಿಡಿಯೋ ಮೊಬೈಲಿನಲ್ಲೇ ಸಿಗುತ್ತದೆ. ಬಿಸಿಲಲ್ಲಿ ಕಂದಿದ ಮುಖ, ಬೆವರು, ಸುತ್ತ ಅಪ್ಪಿಕೊಳ್ಳುವ ಗೆಳತಿಯರು. ಕ್ರೀಮಿನ ಜಾಹೀರಾತಿನ ಎದುರು ನಿಲ್ಲಿಸಲು ಇದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ. ನೋಡುವಾಗ ಪಾಠ ಹೇಳಬೇಡಿ, ಸುಮ್ನೆ ನೋಡಿ.

ಇದು ಬರೀ ಬಣ್ಣದ ವಿಷಯ ಅಲ್ಲ ಎಂಬುದಕ್ಕೆ ಇನ್ನೊಂದು ಸಂಗತಿ. ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 5 ವರ್ಷದ ಹುಡುಗಿಯರು ‘ಭಾರೀ ಬುದ್ಧಿವಂತರು’ ಎಂದರೆ ತಮ್ಮಂಥವರನ್ನೇ ತೋರಿಸುತ್ತಿದ್ದರು, ಹುಡುಗರೂ ತಮ್ಮಂಥವರನ್ನು. ಆರೇಳು ವರ್ಷದ ಹುಡುಗಿಯರಲ್ಲಿ ಅದು ಇಳಿದಿತ್ತು. ‘ಇದು ತುಂಬಾ ಬುದ್ಧಿವಂತರ ಆಟ’ ಎಂದರೆ ಹಿಂದೆ ಸರಿಯುತ್ತಿದ್ದರು. ನಿಮ್ಮ ಮಗಳದ್ದು ಇದೇ ವಯಸ್ಸು. ಕಂಡಿಕೆಯ ಲೆಕ್ಕ ಮಾಡುವಾಗ ಮಗನನ್ನು ಮಾತ್ರ ಅಲ್ಲ, ಅವಳನ್ನೂ ಕೂರಿಸಿಕೊಳ್ಳಿ.

ಕೇಬಲ್ ತೆಗೆಸಬೇಕೇ ಎಂದು ಕೇಳಿದ್ದೀರಿ. ತೆಗೆಸಿದರೆ ನಷ್ಟವಿಲ್ಲ, ಆದರೆ ನೀವು ಅಂದುಕೊಂಡ ಲಾಭವೂ ಇಲ್ಲ. ಅತ್ತೆಯವರ ಸಂಜೆಯ ಧಾರಾವಾಹಿ ಹೋಗುತ್ತದೆ, ಮನೆಯಲ್ಲಿ ಜಗಳ ಶುರು, ಅದಕ್ಕೆ ಕಾರಣ ಮೊಮ್ಮಕ್ಕಳು ಎಂಬ ಹೆಸರು. ಟಿವಿ ಎಲ್ಲರ ಎದುರು ಇರುತ್ತದೆ, ಏನು ಬಂತು ಎಂದು ನಿಮಗೆ ಗೊತ್ತಾಗುತ್ತದೆ. ಮೊಬೈಲ್ ಹಾಗಲ್ಲ. ಹುಡುಗಿ ಒಂದು ಮೇಕಪ್ ವಿಡಿಯೋ ನೋಡಿದರೆ ಅಂಥವೇ ಹತ್ತು ಹಿಂದೆ ಬರುತ್ತವೆ, ಹುಡುಗ ಒಂದು ಹೊಡೆದಾಟ ನೋಡಿದರೆ ಅದೇ. ನನ್ನ ಸಲಹೆ, ಟಿವಿಗಿಂತ ಮೊದಲು ಮಕ್ಕಳ ಕೈಯಲ್ಲಿನ ಮೊಬೈಲ್ ಕಡಿಮೆ ಮಾಡಿ. ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಕೊಟ್ಟ ಸಲಹೆಯಲ್ಲಿ 2ರಿಂದ 5 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, 5ರಿಂದ 10ರವರಿಗೆ ಎರಡು ಗಂಟೆಗಿಂತ ಕಡಿಮೆ ಎಂದಿದೆ. ಊಟದ ಹೊತ್ತಿಗೆ ಯಾವ ಪರದೆಯೂ ಬೇಡ, ಅತ್ತೆಯವರದ್ದೂ.

ಉಳಿದ ಹೊತ್ತು ಪಕ್ಕದಲ್ಲಿ ಕೂತು ನೋಡಿ. ಬಟ್ಟಲು-ಕಾಳಿನ ಆಟ ಆಡಿ. ಒಂದು ಚಾಕೊಲೇಟ್ ಕಂಪನಿ 1990ರ ದಶಕದಲ್ಲಿ, ಹುಡುಗ ಸಿಕ್ಸರ್ ಹೊಡೆದಾಗ ಹುಡುಗಿ ಕುಣಿಯುತ್ತ ಮೈದಾನಕ್ಕೆ ಓಡಿಬರುವ ಜಾಹೀರಾತು ಮಾಡಿತ್ತು, ನಿಮಗೂ ನೆನಪಿರಬಹುದು. 2021ರಲ್ಲಿ ಅದೇ ಕಂಪನಿ ಅದನ್ನೇ ತಿರುವು ಮುರುವು ಮಾಡಿತು: ಬ್ಯಾಟು ಹುಡುಗಿಯ ಕೈಯಲ್ಲಿ, ಕುಣಿಯುವವನು ಹುಡುಗ. ಎರಡನ್ನೂ ಒಂದರ ಹಿಂದೆ ಒಂದು ತೋರಿಸಿ, ಮಕ್ಕಳು ಏನನ್ನುತ್ತಾರೆ ಕೇಳಿ. ಅಪಾಯ ಒಂದೇ, ಪ್ರತಿ ಜಾಹೀರಾತಿಗೂ ಟೀಕೆ ಮಾಡಲು ಹೋದರೆ ಎರಡು ದಿನದಲ್ಲಿ ಮಕ್ಕಳು ನೀವು ಬಂದ ಕೂಡಲೇ ಎದ್ದು ಹೋಗುತ್ತಾರೆ. ವಾರಕ್ಕೊಮ್ಮೆ ಸಾಕು.

ಅತಿ ಮಾಡಿದರೂ ಕೆಡುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ನಾನು ದೊಡ್ಡ ಪಂಡಿತಳ ಹಾಗೆ ‘ನಮ್ಮನೆಗೆ ಬಾರ್ಬಿ ಬರಬಾರದು, ಗುಲಾಬಿ ಫ್ರಾಕ್ ಬರಬಾರದು’ ಎಂದು ಹಠ ಹಿಡಿದೆ. ಅವಳು ಪಕ್ಕದ ಮನೆಯ ಬಾರ್ಬಿಯ ಒಂದು ಚಪ್ಪಲಿಯನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಉಗುರಿನಷ್ಟು ಚಪ್ಪಲಿ. ಹುಡುಗಿಯರ ವಸ್ತು ಎಂದರೆ ಕೀಳು ಎಂದು ನಾನೇ ಕಲಿಸುತ್ತಿದ್ದೆ. ಹಾಗಾಗಿ ಮಗಳ ಬಳೆ, ಜಡೆ, ಗುಲಾಬಿ ಯಾವುದನ್ನೂ ಕಿತ್ತುಕೊಳ್ಳಬೇಡಿ.

ಮಗನಿಗೆ ಮನೆಗೆಲಸ ಕಲಿಸಿ, ಆದರೆ ‘ಅವ್ವಗ ಸಹಾಯ ಮಾಡು’ ಎಂಬ ಮಾತು ಬಿಡಿ. ಸಹಾಯ ಎಂದರೆ ಕೆಲಸ ಅವ್ವನದೇ ಎಂದಾಯಿತು. ‘ಇದು ನಿನ್ನ ಕೆಲಸ’ ಎಂದು ಒಂದನ್ನು ಅವನಿಗೇ ಕೊಡಿ, ತನ್ನ ತಾಟು ತೊಳೆಯುವುದೋ ಬಟ್ಟೆ ಮಡಚುವುದೋ. ಅಷ್ಟೇ ತೂಕದ್ದು ಮಗಳಿಗೂ. ಆಡಿಕೊಳ್ಳುತ್ತಾರಾ ಎಂದರೆ, ಹೌದು, ಒಂದಿಬ್ಬರು ಆಡಿಕೊಳ್ಳಬಹುದು. ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಅದಕ್ಕೆ ಅವನ ಬಾಯಲ್ಲಿ ಒಂದು ಉತ್ತರ ಇರಲಿ: ‘ನಮ್ಮ ಅಪ್ಪಾನೂ ತೊಳೀತಾನ.’ ಈ ಉತ್ತರ ನಿಲ್ಲಬೇಕಾದರೆ ಅಪ್ಪ ನಿಜವಾಗಿ ತೊಳೆಯಬೇಕು, ಜ್ವರ ಇಲ್ಲದ ದಿನವೂ.

ಯಾವುದಾದರೂ ಜಾಹೀರಾತು ಸಹಿಸಲಾಗದಷ್ಟು ಕೆಟ್ಟದಾಗಿದ್ದರೆ ದೂರು ಕೊಡಬಹುದು, ದುಡ್ಡು ಬೇಕಿಲ್ಲ. ಆಗ ಹೇಳಿದ ಮಾನದಂಡ ಮಂಡಳಿ ಸರ್ಕಾರದ್ದಲ್ಲ, ಜಾಹೀರಾತು ಉದ್ಯಮದವರೇ 1985ರಲ್ಲಿ ಕಟ್ಟಿಕೊಂಡದ್ದು. ಅದರ ವೆಬ್‌ಸೈಟಿನಲ್ಲಿ ದೂರು ಹಾಕುವ ವ್ಯವಸ್ಥೆ ಇದೆ. 2022ರ ಅದರ ಸೂಚನೆಯಲ್ಲಿ ಒಂದು ಉದಾಹರಣೆ ಇದೆ: ಕೆಲಸದಿಂದ ಬಂದ ಹೆಂಗಸು ಒಬ್ಬಳೇ ಮನೆಗೆಲಸದ ಹೊಣೆ ಹೊತ್ತಂತೆ, ಉಳಿದವರು ಆರಾಮಾಗಿ ಕೂತಂತೆ ತೋರಿಸಬಾರದು. ಕೇಬಲ್ ಟಿವಿಯ 1994ರ ನಿಯಮಗಳಲ್ಲೂ, ಹೆಣ್ಣನ್ನು ತಗ್ಗಿ ಬಗ್ಗಿ ನಡೆಯುವವಳಂತೆ, ಎರಡನೇ ದರ್ಜೆಯವಳಂತೆ ತೋರಿಸಬಾರದು ಎಂದಿದೆ. ಪಾಲನೆ ಎಷ್ಟಾಗುತ್ತದೆ ಎಂಬುದು ಟಿವಿ ಹಚ್ಚಿದರೆ ನಿಮಗೇ ಕಾಣುತ್ತದೆ.

ಶಾಲೆಗೆ ಮಾತ್ರ ಹೋಗಿ ಬನ್ನಿ. ಜಗಳಕ್ಕಲ್ಲ. ‘ಮುಂದಿನ ಗ್ಯಾದರಿಂಗಿನಲ್ಲಿ ಸಾಲು ಬದಲಿಸುತ್ತಾ ನಿಲ್ಲಿಸಿ’ ಎಂದು ಕೇಳಿ. ಹಾಡಿನ ನಡುವೆ ಹಿಂದಿನವರು ಮುಂದೆ ಬರುವಂತೆ ಡಾನ್ಸ್ ಕಟ್ಟುವುದು ಕಷ್ಟವೇನಲ್ಲ. ಇದಾದ ಮೇಲೂ ಮಗಳು ಹೊರಗೆ ಬರದಿದ್ದರೆ, ಮುಖ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡರೆ, ಊಟ ಬಿಟ್ಟರೆ, ಶಾಲೆಗೆ ಹೋಗಲ್ಲ ಎಂದರೆ ತಡ ಮಾಡದೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಮೊದಲು ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಟೆಲಿ-ಮನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಬಾಟಲಿಯ ವಿಷಯ ಉಳಿಯಿತು. ಮಗನಿಗೆ ಜಬರ್ದಸ್ತಿ ಬೇಡ. ಬಿಸಿಲಲ್ಲಿ ನೀರು ಕುಡಿಯದೆ ಬರುವುದು ಒಳ್ಳೆಯದಲ್ಲ, ಅವನಿಗೆ ಬೇರೆ ಬಾಟಲಿ ಕೊಡಿ. ಆ ಗುಲಾಬಿ ಬಾಟಲಿಯನ್ನು ಯಜಮಾನರಿಗೆ ತುಂಬಿಸಿ ಕೊಡಿ, ಮಗ್ಗದ ಪಕ್ಕದಲ್ಲಿ ಇಟ್ಟುಕೊಳ್ಳಲಿ. ಮಗ ಬಂದು ಕೇಳಿದರೆ ‘ನೀರಡಿಕಿ ಆಗಿತ್ತಪಾ’ ಎಂದು ಕುಡಿದು, ಮುಚ್ಚಳ ಹಾಕಿ, ಮಗ್ಗ ಚಾಲೂ ಮಾಡಲಿ.